ಬಿಸಿಲಿಗೆ ಒಡೆಯದ ಸೋಡಾ

ಸಿಂದಗಿಯ ಪೇಟೆ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಗೌಸಬಿಯವರ ಅಂಗಡಿಯಲ್ಲಿ ಸೋಡಾ ಮಷೀನು ಗರಗರ ತಿರುಗುತ್ತದೆ. ಇರುಳಿಡೀ ಮಣ್ಣಿನ ಹರವಿಯಲ್ಲಿ ತಣಿದ ನೀರನ್ನು ಬಾಟಲಿಗೆ ತುಂಬಿ, ಮಷೀನಿಗೆ ಸಿಕ್ಕಿಸಿ, ಗ್ಯಾಸು ಬಿಟ್ಟು ಹಿಡಿಕೆ ತಿರುವುತ್ತಾರೆ. ಗೋಲಿ ಟಕ್ಕೆಂದು ಬಾಟಲಿಯ ಕೊರಳು ಕಚ್ಚುತ್ತದೆ.

ಮೊದಲು ಈ ಹಿಡಿಕೆ ಪತಿ ಕಾಸಿಂಸಾಬರ ಕೈಯಲ್ಲಿತ್ತು. ಒಂದು ಬೇಸಿಗೆ, ಗಿರಾಕಿಗಳ ಒತ್ತಾಯಕ್ಕೆ ಗ್ಯಾಸು ಬಿಗಿಯಾಗಿ ತುಂಬಿದ ಬಾಟಲಿ ಬಿಸಿಲಲ್ಲಿ ಸಿಡಿದು ಅವರ ಎಡಗಣ್ಣು ಹೋಯಿತು. ಈಗ ಅವರು ಬಾಗಿಲಲ್ಲಿ ಕೂತು ಮಾರುತ್ತಾರೆ, ತುಂಬುವವರು ಗೌಸಬಿ.

ಇವತ್ತು ಯಂಕಂಚಿಯ ಗುರಪ್ಪ, ಮಗಳ ಮದುವೆಗೆ ಸೋಡಾ ಒಯ್ಯಲು ಬಂಡಿ ಹೂಡಿಕೊಂಡು ಬಂದಿದ್ದಾರೆ.

“ಗ್ಯಾಸ್ ಬಿಗಿ ತುಂಬು ತಂಗಿ. ಬೀಗರ ಮೂಗಿಗೆ ಏರಬೇಕು.”

“ಬೀಗರ ಕಣ್ಣಿಗೇ ಏರಿದ್ರ ಏನ್ ಮಾಡ್ತೀರಿ ಕಾಕಾ?”

“ಹಂಗಾರ ಬ್ಯಾರೆ ಅಂಗಡಿ ನೋಡ್ತೇನಿ.”

ಈ ಬೇಸಿಗೆಯಲ್ಲಿ ಇಷ್ಟು ದೊಡ್ಡ ಗಿರಾಕಿ ಬಂದದ್ದು ಇದೇ ಮೊದಲು. ಆದರೂ ಗೌಸಬಿ ಮಣಿಯುವುದಿಲ್ಲ. “ಚಾ ಕುಡೀರಿ, ಆಮ್ಯಾಲ ಹೋಗೀರಂತ” ಎಂದು, ಒಂದೇ ಸಮ ತುಂಬಿದ ಎರಡು ಬಾಟಲಿ ತೆಗೆಯುತ್ತಾರೆ. ಒಂದು ಬಿಸಿಲು ಬಿದ್ದ ಕಟ್ಟೆಯ ಮೇಲೆ, ಇನ್ನೊಂದು ಒದ್ದೆ ಗೋಣಿಚೀಲದೊಳಗೆ. ಚಹಾ, ಮಾತು ಎಲ್ಲ ಮುಗಿದ ಮೇಲೆ ಗೋಲಿ ಒತ್ತುತ್ತಾರೆ. ಕಾದ ಬಾಟಲಿಯ ನೊರೆ ಅರ್ಧ ನೆಲಕ್ಕೆ ಚೆಲ್ಲುತ್ತದೆ. ಉಳಿದದ್ದು ಬರಿ ಸಪ್ಪೆ. ತಂಪಿನದನ್ನು ಗುಟುಕರಿಸಿದ ಗುರಪ್ಪನವರ ಕಣ್ಣಲ್ಲಿ ನೀರು.

“ಮೂಗಿಗೆ ಏರಿತೇನ್ರಿ ಕಾಕಾ?” ಕಾಸಿಂಸಾಬರು ಕೂತಲ್ಲಿಂದಲೇ ಚುಚ್ಚುತ್ತಾರೆ.

ಗೋಲಿ ಬಿಗಿದ ಬಾಟಲಿ ಸುಮ್ಮನಿದ್ದಂತೆ ಕಾಣುತ್ತದೆ, ಆದರೆ ಒಳಗೆ ಸುಮ್ಮನಿಲ್ಲ. ನೀರಿನಿಂದ ಎಷ್ಟು ಗ್ಯಾಸು ಮೇಲೇಳುತ್ತದೋ ಅಷ್ಟೇ ಮತ್ತೆ ನೀರಿಗಿಳಿಯುತ್ತಿರುತ್ತದೆ. ಕಾದರೆ ಈ ತೂಕ ತಪ್ಪಿ, ಮೇಲೆದ್ದ ಗ್ಯಾಸು ಗಾಜನ್ನು ಒತ್ತುತ್ತದೆ. ತಣಿದರೆ ನೀರಿಗೇ ಮರಳುತ್ತದೆ. ಗೋಲಿ ಒತ್ತಿದರೆ ಒತ್ತಡ ತಗ್ಗಿ, ಹೊರಗೆ ನುಗ್ಗುತ್ತದೆ. ಗೌಸಬಿ ಹೇಳುವ ರೀತಿ ಬೇರೆ: “ಗ್ಯಾಸ್ ಸೊಸಿ ಇದ್ದಂಗ್ರಿ. ಮನಿ ತಂಪಿದ್ರ ಒಳಗಿರ್ತಾಳ, ಕಾದ್ರ ಹೊಸ್ತಲಾ ದಾಟ್ತಾಳ.”

ಗುರಪ್ಪ ನಗುತ್ತ ಬಂಡಿಯಲ್ಲಿ ಹಸಿ ಹುಲ್ಲು ಹಾಸುತ್ತಾರೆ. ಬಾಟಲಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ದಾರಿಯಲ್ಲಿ ಚಿಮುಕಿಸಲು ಒಂದು ಕೊಡ ನೀರನ್ನೂ ಇಟ್ಟುಕೊಡುತ್ತಾರೆ ಗೌಸಬಿ. ಬಂಡಿ ತಿರುವು ದಾಟುವವರೆಗೂ ಒಳಗೆ ಹೋಗುವುದಿಲ್ಲ.

ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: “ಮದುವಿ ಮನ್ಯಾಗ ಗೋಲಿ ಒತ್ತಿದ ಸಪ್ಪಳ ಕೇಳಬೇಕ್ರಿ. ಬಾಟ್ಲಿ ಒಡದ ಸಪ್ಪಳ ಅಲ್ಲ.”