ಹುಲಿಯಾಗಬೇಕಿದ್ದ ಬೆಕ್ಕು

ಬೀದಿದೀಪಗಳು ಇನ್ನೂ ಆರಿಲ್ಲ. ಬಸ್ ನಿಲ್ದಾಣದ ಗೋಡೆಗೆ ಏಣಿ ಒರಗಿಸಿ ಕುಂಚದಕ್ಕ ಹತ್ತುತ್ತಾರೆ. ಕೆಳಗೆ ಏಣಿ ಹಿಡಿದ ಗಂಡನಿಗೆ ಆಕಳಿಕೆ, ಪಕ್ಕದಲ್ಲಿ ನೋಡುತ್ತ ನಿಂತ ನನಗೂ.

"ರೀ, ನಿದ್ದೆಗಣ್ಣಲ್ಲಿ ಕೈ ಬಿಟ್ಟೀರಿ, ಹುಷಾರು!"

ಒಂದು ಎಳೆತಕ್ಕೆ ಬೆನ್ನು, ಇನ್ನೊಂದಕ್ಕೆ ಬಾಲ. ಬೆಳಕು ಹರಿಯುವಷ್ಟರಲ್ಲಿ ಗೋಡೆಯ ಮೇಲೆ ಬೆಕ್ಕು ಕೂತಿರುತ್ತದೆ. ಎಡಗಿವಿ ಮಾತ್ರ ಬಾಕಿ. ಅದನ್ನು ಅಕ್ಕ ಯಾವಾಗಲೂ ಕೊನೆಗೇ ಬರೆಯುವುದು. ಚುನಾವಣೆ ಬಂತೆಂದರೆ ದಿನಕ್ಕೆ ನಾಲ್ಕು ಗೋಡೆ, ನಾಲ್ಕು ಬೆಕ್ಕು.

ಊರು ಆಳುವ ಪಕ್ಷದ ಈ ಚಿಹ್ನೆ ಹುಟ್ಟಬೇಕಿದ್ದದ್ದು ಹುಲಿಯಾಗಿ. ಇಪ್ಪತ್ತು ವರ್ಷದ ಹಿಂದೆ ಹೊಸ ಪಕ್ಷ ಕಟ್ಟಿದವರು ಬಂದು ಹುಲಿ ಬರೆಯಿರಿ ಎಂದರು. ಹುಲಿಯನ್ನು ಕಂಡೇ ಇರದ ಅಕ್ಕ, ಮನೆಯ ಬೆಕ್ಕನ್ನು ಎದುರಿಗೆ ಕೂರಿಸಿಕೊಂಡು ಕುಂಚ ಹಿಡಿದರು. ಅದರ ಹರಿದ ಎಡಗಿವಿಯೂ ಹಾಗೇ ಗೋಡೆ ಸೇರಿತು.

"ಪಟ್ಟೆ ಎಳೆದ್ರೆ ಹುಲಿ ಆಗತ್ತೆ ಅಂದ್ಕೊಂಡಿದ್ದೆ. ಮುಖ ನೋಡಿದ್ರೆ ಹಾಲು ಕೇಳ್ತಿತ್ತು!"

ಊರಿಗೆ ಊರೇ ನಕ್ಕಿತು. ವಿರೋಧಿಗಳು ಗೋಡೆಯ ಬುಡದಲ್ಲಿ ಹಾಲಿನ ಬಟ್ಟಲಿಟ್ಟು ಹೋದರು. ಸುದ್ದಿಯನ್ನು ಪಕ್ಷದ ಅಧ್ಯಕ್ಷರಿಗೆ ಮುಟ್ಟಿಸಬೇಕಲ್ಲ, ಬೆಕ್ಕಿಗೆ ಗಂಟೆ ಕಟ್ಟುವವರ್ಯಾರು? ಅಕ್ಕನೇ ಹೋದರು. ಅಧ್ಯಕ್ಷರು ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಗೋಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"ಊರಿನ ಉಗ್ರಾಣ ತಿಂತಿರೋದು ಇಲಿಗಳು ಕಣಮ್ಮಾ. ಇಲಿ ಹಿಡಿಯೋಕೆ ಹುಲಿ ಯಾಕೆ? ಇದೇ ಇರಲಿ."

ಆ ಮಾತು ಬಾಯಿಂದ ಬಾಯಿಗೆ ಹಬ್ಬಿತು. ಬೆಕ್ಕು ಗೆದ್ದಿತು.

ಈಗ ಪಕ್ಷದ ಹೊಸ ಹುಡುಗರಿಗೆ ಬೆಕ್ಕೆಂದರೆ ನಾಚಿಕೆ. ಘರ್ಜಿಸುವ ಹುಲಿ ಬೇಕು, ಅದೂ ಯಂತ್ರದಲ್ಲಿ ಅಚ್ಚಾಗಿ ಬರಬೇಕು. ಇವತ್ತು ಬೆಳಿಗ್ಗೆಯೇ ಸಭೆ. ಹುಲಿ ಗೆದ್ದರೆ ಅಕ್ಕನ ಎಲ್ಲ ಬೆಕ್ಕುಗಳ ಮೇಲೂ ಸುಣ್ಣ.

"ಸಭೆ ಮುಗಿಯೋ ತನಕ ಗೋಡೆ ನಂದೇ ಅಲ್ವಾ?" ಎಂದು ಅಕ್ಕ ಬೆಕ್ಕಿನ ಮೀಸೆಯನ್ನು ಇನ್ನೊಮ್ಮೆ ತೀಡುತ್ತಾರೆ.

ಬಿಸಿಲೇರುವ ಹೊತ್ತಿಗೆ ಮೇಷ್ಟ್ರ ಸೈಕಲ್ಲಿನ ಗಂಟೆ. "ಬೆಕ್ಕೇ ಗೆದ್ದಿತು ಕಣಮ್ಮಾ! ಇಲಿಗಳೆಲ್ಲ ಖಾಲಿಯಾದ್ವಾ ಅಂತ ಕೇಳಿದೆ, ಎಲ್ಲರೂ ಬೆಕ್ಕಿಗೇ ಕೈ ಎತ್ತಿದ್ರು."

ಗಂಡ ಖುಷಿಯಲ್ಲಿ ಏಣಿ ಬಿಟ್ಟು ಚಪ್ಪಾಳೆ ತಟ್ಟುತ್ತಾರೆ. ಏಣಿ ವಾಲುತ್ತದೆ, ಮೇಲಿಂದ ಬೈಗುಳ ಸುರಿಯುತ್ತದೆ. ನನಗೂ ನಗು ತಡೆಯಲಾಗುವುದಿಲ್ಲ.

"ಆದ್ರೆ ಹುಡುಗರದ್ದು ಒಂದು ಷರತ್ತು," ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ. "ಕಿವಿ ಸರಿ ಮಾಡ್ಬೇಕಂತೆ."

ಕುಂಚ ಅರ್ಧಕ್ಕೇ ನಿಲ್ಲುತ್ತದೆ.

"ಮರಿ ಉಳಿಸೋಕೆ ನಮ್ಮ ಬೆಕ್ಕು ನಾಯಿ ಮೇಲೆ ಬಿದ್ದು ಹರ್ಕೊಂಡ ಕಿವಿ ಮೇಷ್ಟ್ರೇ ಅದು. ಗೋಡೆ ಮೇಲೆ ನನ್ನ ಹೆಸರು ಯಾವತ್ತೂ ಹಾಕಿಲ್ಲ, ಹಾಕೋದೂ ಬೇಡ. ಅವಳ ಕಿವಿ ಒಂದು ಹಾಗೇ ಇರಲಿ."

ಮೇಷ್ಟ್ರು ಸೈಕಲ್ ನಿಲ್ಲಿಸಿ, ಏಣಿಯ ಇನ್ನೊಂದು ಬದಿ ಹಿಡಿದುಕೊಳ್ಳುತ್ತಾರೆ. ಅಕ್ಕ ಕಿವಿ ಬರೆಯುತ್ತಾರೆ, ಹರಿದದ್ದು ಹರಿದ ಹಾಗೇ.