ಮೋರಿ ಪಕ್ಕದ ಸೌತೆಕಾಯಿ

ಆಗ ನಾನು ರಸ್ತೆ ಓವರ್‌ಸಿಯರ್. ದಾವಣಗೆರೆ ಗಿರಣಿಗೆ ಹೋಗುವ ಹತ್ತಿ ಗಾಡಿಗಳು ಹರಿಹರ ರಸ್ತೆಯ ಒಂದು ಇಕ್ಕಟ್ಟು ಮೋರಿಯ ಮೇಲೆ ದಿನವೂ ನಿಂತುಬಿಡುತ್ತಿದ್ದವು. ಹಿಂದೆ ಲಾರಿಗಳ ಸಾಲು. ದಾರಿ ಬಿಡಿಸಿ ಬಾ ಎಂದು ಸಾಹೇಬರ ಹುಕುಂ ಆಯಿತು.

ಹೋಗಿ ನೋಡಿದೆ. ಮೋರಿ ಪಕ್ಕ ಒಬ್ಬ ಅಜ್ಜಿ ಸೌತೆಕಾಯಿ ಮಾರುತ್ತಿದ್ದಳು. ಗಾಡಿಯವನಿಗೆ ಕಾಯಿ, ಎತ್ತಿಗೆ ಪುಕ್ಕಟೆ ಸಿಪ್ಪೆ. ಸಿಪ್ಪೆ ತಿನ್ನದೆ ಎತ್ತು ಕದಲುತ್ತಿರಲಿಲ್ಲ.

"ಇಲ್ಲಿಂದ ಏಳಜ್ಜಿ" ಅಂದೆ.

"ನಾ ಎದ್ರ ಎತ್ತು ಕೇಳ್ತಾವೇನ್ರಿ? ಮೋರಿ ಸಣ್ಣದು ಕಟ್ಟಿದೋರು ನೀವು, ಬೈಸ್ಕೊಳ್ಳೋಳು ನಾನು! ತಗೋರಿ, ತಿನ್ರಿ."

ತಿಂದೆ. ಎಬ್ಬಿಸಲು ಮನಸ್ಸು ಬರಲಿಲ್ಲ. ವರದಿಯಲ್ಲಿ 'ಮೋರಿ ಕಿರಿದು' ಎಂದಷ್ಟೇ ಬರೆದೆ.

ಮರುವರ್ಷ ಮೋರಿ ಅಗಲವಾಯಿತು. ನೋಡಲು ಹೋದರೆ ಗಾಡಿಗಳು ಎರಡು ಸಾಲಾಗಿ ನಿಂತಿದ್ದವು. ಅಜ್ಜಿ ಆಚೆ ಬದಿಗೆ ತನ್ನ ತಂಗಿಯನ್ನೂ ಕೂರಿಸಿದ್ದಳು.