ಕೆಳಗಿನ ದನಿ

ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿ ಅಂಗಡಿಯ ಮಹಡಿಯ ಮೇಲೆ ನಮ್ಮ ಬ್ಯಾಂಡು ಅಭ್ಯಾಸ ಮಾಡುತ್ತಿತ್ತು. ಕೆಳಗೆ ಮೂಟೆ ಬಿಚ್ಚಿದರೆ ಮೇಲೆ ಐದು ಜನಕ್ಕೂ ಕೆಮ್ಮು. ಹಾಡುವವರು ಇಬ್ಬರು. ಮೇಲಿನ ದನಿ ನನ್ನದು, ಕೆಳಗಿನದು ನನ್ನ ಗೆಳತಿಯದು. ನಾನು ಉಸಿರೆಳೆದುಕೊಳ್ಳುವಾಗ ಸಾಲು ಬೀಳದಂತೆ ಅವಳು ಹಿಡಿದಿರುತ್ತಿದ್ದಳು. ಚಪ್ಪಾಳೆ ಹೊಡೆಯುವವರಿಗೆ ಕಾಣುತ್ತಿದ್ದುದು ನಾನು ಮಾತ್ರ.

ಒಬ್ಬಳೇ ಹಾಡುವ ಆಸೆ ಹತ್ತಿ ಬ್ಯಾಂಡು ಬಿಟ್ಟೆ. ಉಳಿದವರು ಕೂಗಾಡಿದರು. ಅವಳು ಮೈಕಿನ ವೈರು ಸುತ್ತುತ್ತಾ, "ಹೋಗ್ಬುಡು ಕಣೇ, ತಿರುಗಿ ನೋಡ್ಬೇಡ" ಅಂದಳು. ನಾನು ನೋಡಲೂ ಇಲ್ಲ. ಎರಡು ವರ್ಷದ ಮೇಲೆ ಅವಳ ಗಂಟಲಿಗೆ ಆಪರೇಷನ್ ಆಯಿತೆಂದೂ ದನಿ ಹೋಯಿತೆಂದೂ ತಿಳಿಯಿತು. ಆಗಲೂ ಹೋಗಲಿಲ್ಲ.

ಆಮೇಲೊಮ್ಮೆ ಗೋಕುಲಂನ ಸ್ಟುಡಿಯೋದಲ್ಲಿ ನನ್ನ ಹಾಡಿನ ರೆಕಾರ್ಡಿಂಗು. ಇಂಜಿನಿಯರ್ ನಾಲ್ಕು ಸಲ ನಿಲ್ಲಿಸಿದರು. "ಮೇಡಂ, ಪ್ರತಿ ಸಾಲಾದ್ಮೇಲೂ ಯಾರಿಗ್ ಕಾಯ್ತೀರಾ?"

ಹೇಳಲು ನಾಚಿಕೆಯಾಯಿತು. ಹೆಡ್‌ಫೋನಿನಲ್ಲಿ ಅವಳ ಸಾಲು ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಮುಗಿಯಲೆಂದು ಜಾಗ ಬಿಡುತ್ತಿದ್ದೆ. ಸತ್ತವರು ಕಾಡುತ್ತಾರೆ ಅನ್ನುತ್ತಾರೆ. ಬದುಕಿರುವವಳ ದನಿ ಕಾಡಿದರೆ ಯಾರಿಗೆ ಹೇಳುವುದು?

ಮರುದಿನ ಬೆಳಿಗ್ಗೆ ಹೂಟಗಳ್ಳಿಯ ಅವಳ ಮನೆಗೆ ಹೋದೆ. ಅವಳ ಗಂಡ ಬಾಗಿಲು ತೆಗೆದು, ಟಿಫನ್ ಡಬ್ಬಿ ಹಿಡಿದು ಫ್ಯಾಕ್ಟರಿಗೆ ಹೊರಟರು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸ್ಟುಡಿಯೋದಲ್ಲಿ ನಡೆದದ್ದನ್ನು ಹೇಳಿದೆ. ಉಳಿದಿದ್ದ ಪಿಸುದನಿಯಲ್ಲಿ, "ನಂಗೂ ನಿಂದು ಕೇಳ್ಸುತ್ತೆ ಕಣೇ, ಪಾತ್ರೆ ತೊಳೆಯೋವಾಗ. ನಿಲ್ಲಿಸಕ್ಕೇ ಆಗಲ್ಲ" ಅಂದಳು.

ಕ್ಷಮಿಸು ಅಂದೆ.

"ಅದೆಲ್ಲ ಬುಡು. ಕೆಳಗಿಂದು ಕಲೀತೀಯಾ?"

ದಿನಾ ಗಂಡ ಕೆಲಸಕ್ಕೆ ಹೋದ ಮೇಲೆ ಪಾಠ; ಹೀಗೆ ಮೂರು ತಿಂಗಳು ನಡೆಯಿತು. ಹಾರ್ಮೋನಿಯಂ ಮೇಲೆ ಸಾಲು ನುಡಿಸಿ, ಎಲ್ಲಿ ಒತ್ತಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ನನ್ನ ಮಣಿಕಟ್ಟು ಹಿಸುಕಿ ತೋರಿಸುತ್ತಿದ್ದಳು.

ಈಗ ಮತ್ತೆ ಬ್ಯಾಂಡಿನಲ್ಲಿದ್ದೇನೆ. ಒಬ್ಬಳೇ ಹಾಡುವುದನ್ನೂ ಬಿಟ್ಟಿಲ್ಲ. ಬ್ಯಾಂಡಿನಲ್ಲಿ ಮೇಲಿನ ದನಿ ಹೊಸ ಗಾಯಕಿಯದು, ಕೆಳಗಿನದು ನನ್ನದು. ಮೊದಲ ಕಾರ್ಯಕ್ರಮದ ಸಂಜೆ ಗೆಳತಿ ಗಂಡನ ಜೊತೆ ಬಂದು ಮುಂದೆಯೇ ಕೂತಳು. ನಾನು ಶುರು ಮಾಡಿದ್ದೇ ತಡ, ಗಂಡ ಎದ್ದು ಹೊರಗೆ ಹೋದರು. ಅವಳು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು.

ಮುಗಿದ ಮೇಲೆ ಅವಳ ಗಂಡನನ್ನು ಹುಡುಕಿಕೊಂಡು ಹೋದೆ. ಅವರು ಸ್ಕೂಟರಿಗೆ ಒರಗಿ ನಿಂತಿದ್ದರು.

"ಥೇಟ್ ಅವಳ ದನೀನೇ. ಚೆನ್ನಾಗಿತ್ತು ಕಣಮ್ಮ," ಅಂದರು. "ಆದ್ರೆ ನಾನಿರೋವಾಗ ನಮ್ಮನೇಲಿ ಮಾತ್ರ ಹಾಡ್ಬೇಡ."